ರಬ್ಬರ್ ತೋಟದವರ ಪೌರತ್ವ

ಸುಳ್ಯ, ಪುತ್ತೂರು, ಕಡಬ ಸೀಮೆಯ ರಬ್ಬರ್ ತೋಟಗಳಲ್ಲಿ ಬೆಳಗು ಹರಿಯುವ ಮೊದಲೇ ಕೆಲಸ ಶುರುವಾಗುತ್ತದೆ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಈ ತೋಟಗಳಲ್ಲಿ ಹಾಲು ತೆಗೆಯುವ ಅನೇಕರ ಮನೆಮಾತು ತಮಿಳು. ನೆರೆಹೊರೆಯಲ್ಲಿ ಆಡುವುದು ತುಳು. ಮಕ್ಕಳು ಶಾಲೆಯಲ್ಲಿ ಕಲಿಯುವುದು ಕನ್ನಡ. ಇವರ ಹಿರಿಯರು ಇಲ್ಲಿಗೆ ಬಂದದ್ದು ಶ್ರೀಲಂಕಾದ ಚಹಾ ತೋಟಗಳಿಂದ. ಒಂದು ದೇಶ ತನ್ನವನೆಂದು ಒಪ್ಪಿಕೊಳ್ಳಲು ಮನುಷ್ಯನಿಂದ ಏನೇನು ಕೇಳುತ್ತದೆ ಎಂಬುದಕ್ಕೆ ಇವರ ಕಥೆಗಿಂತ ಹತ್ತಿರದ ಉದಾಹರಣೆ ಇಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ತಮಿಳು ಕೂಲಿಗಳನ್ನು ಮೊದಲು ಕಾಫಿ ತೋಟಗಳಿಗೂ ಅನಂತರ ಚಹಾ ತೋಟಗಳಿಗೂ ಒಯ್ದರು. 1948ರಲ್ಲಿ ಸ್ವತಂತ್ರವಾದ ಸಿಲೋನು ಅದೇ ವರ್ಷ ಪೌರತ್ವದ ಕಾಯಿದೆ ಮಾಡಿತು. ತಂದೆಯೋ, ಅಜ್ಜ ಮುತ್ತಜ್ಜರೋ ಅಲ್ಲೇ ಹುಟ್ಟಿದ್ದಕ್ಕೆ ಪುರಾವೆ ಬೇಕೆಂದಿತು. ಲಯದ ಮನೆಗಳಲ್ಲಿ ಹುಟ್ಟಿ ಸತ್ತವರ ಕಾಗದ ಪತ್ರ ಯಾರಲ್ಲಿತ್ತು? 1949ರಲ್ಲಿ ಇನ್ನೊಂದು ಕಾಯಿದೆ ಬಂತು. ಮದುವೆಯಾದವರಿಗೆ ಏಳು ವರ್ಷ, ಆಗದವರಿಗೆ ಹತ್ತು ವರ್ಷ ಎಡೆಬಿಡದ ವಾಸ. ಜೊತೆಗೆ ತಕ್ಕಷ್ಟು ಖಚಿತ ವರಮಾನ ಅಥವಾ ನ್ಯಾಯಬದ್ಧ ಜೀವನೋಪಾಯ. ಸುಮಾರು ಎಂಟು ಲಕ್ಷ ಜನರ ಪರವಾಗಿ ಅರ್ಜಿಗಳು ಹೋದವು. ಪೌರತ್ವ ದೊರೆತದ್ದು ಸುಮಾರು 1,34,000 ಮಂದಿಗೆ. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆಯಾದಾಗ ತಮಿಳರ ಪಾಡು ಮತ್ತಷ್ಟು ಕಷ್ಟವಾಯಿತು.

ಉಳಿದವರನ್ನು ಎರಡು ಸರ್ಕಾರಗಳು ಲೆಕ್ಕ ಹಾಕಿ ಹಂಚಿಕೊಂಡವು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಮಿಕ್ಕ ಒಂದೂವರೆ ಲಕ್ಷವನ್ನು 1974ರಲ್ಲಿ ಸಮಪಾಲು ಮಾಡಲಾಯಿತು. ತಲೈಮನ್ನಾರಿನಿಂದ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವರಲ್ಲಿ ಕೆಲವು ಕುಟುಂಬಗಳಿಗೆ ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿ ಕೆಲಸ, ವಸತಿ ಸಿಕ್ಕಿತು.

ಹೀಗೆ ಬಂದವರಿಗೆ ಭಾರತ ಭಾಷೆಯ ಪರೀಕ್ಷೆ ಇಡಲಿಲ್ಲ. ಭಾರತೀಯ ಮೂಲದವರನ್ನು ನೋಂದಾಯಿಸಿಕೊಳ್ಳಲು ನಮ್ಮ 1955ರ ಕಾಯಿದೆಯಲ್ಲಿ ಆ ಷರತ್ತು ಇಲ್ಲ. ಆದರೆ ಹೊರಗಿನವನೊಬ್ಬ ದೇಶೀಕರಣದ ಮೂಲಕ ಪೌರನಾಗಬೇಕಾದರೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಒಂದನ್ನಾದರೂ ಸಾಕಷ್ಟು ಬಲ್ಲವನಾಗಿರಬೇಕು. 1950ರಲ್ಲಿ ಹದಿನಾಲ್ಕಿದ್ದ ಆ ಭಾಷೆಗಳು ಈಗ ಇಪ್ಪತ್ತೆರಡು. ಕನ್ನಡ, ತಮಿಳು, ಕೊಂಕಣಿ, ಸಂಸ್ಕೃತ ಅಲ್ಲಿವೆ, ತುಳು ಇಲ್ಲ. ಕಡಬದ ಪೇಟೆಯಲ್ಲಿ ತುಳು ಬಲ್ಲವನಿಗೆ ಯಾವ ವ್ಯವಹಾರವೂ ನಿಲ್ಲುವುದಿಲ್ಲ. ಪೌರತ್ವದ ಅರ್ಜಿಯಲ್ಲಿ ಮಾತ್ರ ಅದು ಲೆಕ್ಕಕ್ಕೆ ಬಾರದು.

ಶುಲ್ಕದ್ದೂ ಹೀಗೆಯೇ. 2016ರಲ್ಲಿ ಕೇಂದ್ರ ಸರ್ಕಾರ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಅಲ್ಪಸಂಖ್ಯಾತರಿಗೆ ಪೌರತ್ವದ ಶುಲ್ಕವನ್ನು 100 ರೂಪಾಯಿಗೆ ಇಳಿಸಿತು. ಶ್ರೀಲಂಕಾ ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಅನುಭವ ಬೇರೆ. ಅಲ್ಲಿ 1906ರಿಂದ ಇಂಗ್ಲಿಷ್ ಮಾತಾಡಲು ಬರಬೇಕಿತ್ತು. 1950ರಿಂದ ಓದು ಬರಹವೂ ಸೇರಿತು. 2004ರಲ್ಲಿ ಬೆರಳಚ್ಚಿನ ಖರ್ಚು ಬಿಟ್ಟು 320 ಡಾಲರ್ ಇದ್ದ ಅರ್ಜಿ ಶುಲ್ಕ, 2024ರಲ್ಲಿ ಕಾಗದದ ಅರ್ಜಿಗೆ ಎಲ್ಲ ಸೇರಿ 760 ಡಾಲರಿಗೆ ಏರಿತು. ಐವತ್ತು ದಾಟಿ, ಇಪ್ಪತ್ತು ವರ್ಷ ಕಾಯಂ ನಿವಾಸಿಯಾಗಿದ್ದವರಿಗೆ ಇಂಗ್ಲಿಷಿನ ವಿನಾಯಿತಿ ಇದೆ. ಅವರು ನಾಗರಿಕ ಜ್ಞಾನದ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರಿಸಬಹುದು.

ಪೌರತ್ವ ಸಿಕ್ಕಿದೊಡನೆ ಎಲ್ಲ ಬಾಗಿಲೂ ತೆರೆಯುವುದಿಲ್ಲ. ರಬ್ಬರ್ ತೋಟದವರು ಭಾರತೀಯರಾದ ಮೇಲೂ ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿಗಳನ್ನು ಅಲೆಯಬೇಕಾಯಿತು. ಮತ್ತೆ ಅದೇ ಪ್ರಶ್ನೆ: ಅಜ್ಜ ಯಾವ ಊರಿನವನು? ಸಿಲೋನು ಕೇಳಿದ್ದೂ ಅದನ್ನೇ. ಇವರು ತೋಟದ ಬದುಕಿನಲ್ಲಿ ಕಲಿತ ತುಳುವನ್ನಾಗಲಿ ಕನ್ನಡವನ್ನಾಗಲಿ ಯಾವ ಅರ್ಜಿಯೂ ಕೇಳಲಿಲ್ಲ. ಊರು ಇವರನ್ನು ತನ್ನವರೆಂದು ಗುರುತಿಸುವುದು ಮಾತ್ರ ಆ ಮಾತಿನಿಂದಲೇ.