ಯಂತ್ರಕ್ಕೆ ಬುದ್ಧಿ ಬಂದಿದೆಯಂತೆ, ಮಗಳನ್ನು ಓದಿಸಬೇಕೇ?



ಮುಳಬಾಗಿಲು ತಾಲ್ಲೂಕಿನ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ, ಸಾಲದ ಕಂತು ಬರೆದು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಎಲ್ಲರೂ ಎದ್ದ ಮೇಲೆ ಒಬ್ಬ ಸದಸ್ಯೆ ನನ್ನ ಪಕ್ಕ ಬಂದು ಕೂತರು. "ಸಿಸ್ಟರ್, ಮಗಳು ಸೆಕೆಂಡ್ ಪಿಯುಸಿ ಪಾಸಾಗವ್ಳೆ. ಕೋಲಾರಕ್ಕೆ ಹೋಗಿ ಬಿ.ಕಾಂ. ಓದ್ತೀನಿ ಅಂತಾಳೆ. ಅವರಪ್ಪ ಬೇಡ ಅಂತಾರೆ. ಇನ್ಮೇಲೆ ಲೆಕ್ಕ ಬರೆಯೋದು, ಟೈಪ್ ಮಾಡೋದು ಎಲ್ಲಾ ಮಿಷನ್ನೇ ಮಾಡ್ತದಂತೆ, ಓದಿದೋರಿಗೇ ಕೆಲಸ ಇಲ್ವಂತೆ, ಸುಮ್ನೆ ಗಂಡು ನೋಡಿ ಮದುವೆ ಮಾಡಿಬಿಡೋಣ ಅಂತಾರೆ. ನೀವೇನ್ ಹೇಳ್ತೀರ?" ಎಂದು ಕೇಳಿದರು.

ಅಂದು ನಾನು ಪೂರ್ತಿ ಉತ್ತರ ಕೊಡಲಿಲ್ಲ. "ತಿಳಿದುಕೊಂಡು ಹೇಳ್ತೀನಮ್ಮ, ಅಲ್ಲಿಯವರೆಗೆ ಏನೂ ನಿರ್ಧಾರ ಮಾಡಬೇಡಿ" ಎಂದು ಹೇಳಿ ಬಂದೆ. ಆಮೇಲೆ ಇದೇ ಮಾತು ಮಾಲೂರಿನಲ್ಲೂ ಶ್ರೀನಿವಾಸಪುರದಲ್ಲೂ ಕಿವಿಗೆ ಬಿತ್ತು. ಆದ್ದರಿಂದ ಆ ತಾಯಿಗೆ ಕೊಡಬೇಕಾದ ಉತ್ತರವನ್ನು ನಿಮಗೆಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಎಐ ಅಂದರೆ ಏನು?

ಟಿವಿಯಲ್ಲಿ, ಮೊಬೈಲಿನಲ್ಲಿ 'ಎಐ' ಎಂಬ ಮಾತು ಕೇಳಿರುತ್ತೀರಿ. ಕನ್ನಡದಲ್ಲಿ ಇದನ್ನು ಕೃತಕ ಬುದ್ಧಿಮತ್ತೆ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಅಷ್ಟು ಕಷ್ಟದ್ದಲ್ಲ.

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಆರಿಸುವ ಹೆಂಗಸರನ್ನು ನೋಡಿದ್ದೀರಿ. ಹೊಸದಾಗಿ ಬಂದವಳಿಗೆ ಒಂದೊಂದು ಹಣ್ಣನ್ನೂ ತಿರುಗಿಸಿ ನೋಡಬೇಕು. ನಾಲ್ಕು ಸೀಸನ್ ಕಳೆದರೆ ಕೈಗೆ ಸಿಕ್ಕಿದ ಕೂಡಲೇ ಇದು ದೂರದ ಊರಿಗೆ ಹೋಗುವ ಹಣ್ಣು, ಇದು ಇವತ್ತೇ ಮಾರಬೇಕಾದ ಹಣ್ಣು ಎಂದು ಗೊತ್ತಾಗುತ್ತದೆ. ನೋಡಿ ನೋಡಿ ಬಂದ ತಿಳಿವಳಿಕೆ ಅದು. ಎಐ ಯಂತ್ರಕ್ಕೂ ಹೀಗೆಯೇ ಲಕ್ಷಾಂತರ ಚಿತ್ರ ತೋರಿಸಿ, 'ಇದು ಒಳ್ಳೆಯದು, ಇದು ಕೊಳೆತದ್ದು' ಎಂದು ಕಲಿಸುತ್ತಾರೆ. ಆಮೇಲೆ ಹೊಸ ಚಿತ್ರ ತೋರಿಸಿದರೆ ಅದು ಊಹೆ ಮಾಡಿ ಹೇಳುತ್ತದೆ.

ಮಾತು ಕಲಿಸುವುದೂ ಹಾಗೆಯೇ. 2022ರ ನವೆಂಬರ್ 30ರಂದು ಅಮೆರಿಕದ ಓಪನ್ ಎಐ ಎಂಬ ಸಂಸ್ಥೆ 'ಚಾಟ್ ಜಿಪಿಟಿ'ಯನ್ನು ಹೊರತಂದಿತು. ಇಂಥ ಯಂತ್ರಕ್ಕೆ ಕೋಟ್ಯಂತರ ಪುಟಗಳ ಬರಹವನ್ನು ಕೊಟ್ಟು, ಒಂದು ಮಾತಿನ ಮುಂದೆ ಸಾಮಾನ್ಯವಾಗಿ ಯಾವ ಮಾತು ಬರುತ್ತದೆ ಎಂದು ಕಲಿಸಿರುತ್ತಾರೆ. ಹೀಗಾಗಿ ಏನು ಕೇಳಿದರೂ ಸರಾಗವಾಗಿ ಉತ್ತರ ಬರೆಯುತ್ತದೆ. ಅರ್ಜಿ ಬರೆದುಕೊಡು ಅಂದರೆ ಬರೆದುಕೊಡುತ್ತದೆ, ಲೆಕ್ಕ ಬಿಡಿಸು ಅಂದರೆ ಬಿಡಿಸುತ್ತದೆ.

ಆದರೆ ಒಂದು ವಿಷಯ ನೆನಪಿರಲಿ. ಉತ್ತರ ಗೊತ್ತಿಲ್ಲದಾಗಲೂ ಅದು ಎಷ್ಟೋ ಸಲ ಗೊತ್ತಿರುವವರ ಹಾಗೆಯೇ ಮಾತಾಡುತ್ತದೆ. ನಾನೇ ಒಮ್ಮೆ ಮೊಬೈಲಿನಲ್ಲಿ ಇಂಥ ಒಂದು ಆ್ಯಪ್ ತೆರೆದು, ವಿಧವೆಯರ ಪಿಂಚಣಿಗೆ ಯಾವ ಯಾವ ಕಾಗದ ಬೇಕು ಎಂದು ಕನ್ನಡದಲ್ಲಿ ಕೇಳಿದೆ. ಚೆನ್ನಾಗಿ ಸಾಲು ಸಾಲಾಗಿ ಬರೆದುಕೊಟ್ಟಿತು. ನಾಡಕಚೇರಿಯಲ್ಲಿ ವಿಚಾರಿಸಿದಾಗ ಅದರಲ್ಲಿ ಒಂದು ಕಾಗದ ಬೇಕಾಗಿಯೇ ಇರಲಿಲ್ಲ, ಬೇಕಾದ ಒಂದು ಬಿಟ್ಟುಹೋಗಿತ್ತು. ಅದನ್ನೇ ನಂಬಿ ಕೂಲಿ ಬಿಟ್ಟು ಹೋಗಿದ್ದರೆ ಒಬ್ಬ ತಾಯಿಗೆ ಒಂದು ದಿನದ ಸಂಪಾದನೆ ನಷ್ಟವಾಗುತ್ತಿತ್ತು.

ಇದು ಈಗಾಗಲೇ ನಮ್ಮ ಊರಿಗೆ ಬಂದಿದೆ

ಎಐ ಬೆಂಗಳೂರಿನವರ ವಿಷಯ, ನಮಗೇಕೆ ಎಂದುಕೊಳ್ಳಬೇಡಿ. ಗರ್ಭಿಣಿ, ಬಾಣಂತಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಆಹಾರ ಕೊಡುವಾಗ ಕಾರ್ಯಕರ್ತೆ ಮೊಬೈಲ್ ಹಿಡಿದು ತಾಯಿಯ ಮುಖದ ಫೋಟೋ ತೆಗೆಯುತ್ತಾರಲ್ಲವೇ? ಅದು 'ಪೋಷಣ್ ಟ್ರ್ಯಾಕರ್' ಎಂಬ ಆ್ಯಪ್. ಕೇಂದ್ರ ಸರ್ಕಾರ 2025ರ ಜುಲೈ 1ರಿಂದ ಈ ಮುಖ ಗುರುತಿಸುವಿಕೆಯನ್ನು ಕಡ್ಡಾಯ ಮಾಡಿತು. ಕಣ್ಣು, ಮೂಗು, ಗಲ್ಲದ ಅಳತೆ ಹಿಡಿದು ಮೊದಲೇ ಇರುವ ಫೋಟೋದೊಂದಿಗೆ ಯಂತ್ರ ಹೋಲಿಸಿ ನೋಡುತ್ತದೆ. ಇದೂ ಎಐ ಕೆಲಸವೇ.

ಬೇರೆಯವರ ಹೆಸರಿನಲ್ಲಿ ಆಹಾರ ಎತ್ತುವುದನ್ನು ತಡೆಯುವುದು ಇದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ನೆಟ್‌ವರ್ಕ್ ಸಿಗುವುದಿಲ್ಲ, ಮೊಬೈಲ್ ಹಳೆಯದು, ಆಧಾರ್ ಫೋಟೋ ಹಳೆಯದಾಗಿ ಮುಖ ಹೊಂದುವುದಿಲ್ಲ ಎಂದು ಹಲವು ರಾಜ್ಯಗಳ ಅಂಗನವಾಡಿ ಕಾರ್ಯಕರ್ತೆಯರು ದೂರಿದ್ದಾರೆ. ಮುಖ ಹೊಂದಲಿಲ್ಲ ಎಂದ ಮಾತ್ರಕ್ಕೆ ಹಸಿದ ತಾಯಿ ಬರಿಗೈಯಲ್ಲಿ ಮನೆಗೆ ಹೋಗಬಾರದು. ಅಂಥ ಪ್ರಸಂಗ ನಿಮ್ಮ ಊರಿನಲ್ಲಿ ನಡೆದರೆ ಕಾರ್ಯಕರ್ತೆಯ ಮೇಲೆ ಜಗಳಕ್ಕೆ ಹೋಗಬೇಡಿ, ಅದು ಆಕೆಯ ತಪ್ಪಲ್ಲ. ದಿನಾಂಕ, ಹೆಸರು ಬರೆದು, ಸಂಘದ ಸಹಿ ಹಾಕಿ ಸಿಡಿಪಿಒ ಕಚೇರಿಗೆ ಅರ್ಜಿ ಕೊಡಿ. ಯಂತ್ರ ತಪ್ಪು ಮಾಡಿದಾಗ ಅದನ್ನು ಹೇಳಲು ಒಬ್ಬ ಮನುಷ್ಯಳು ಬೇಕು, ಬರೆದು ಹೇಳಲು ಓದಿದವಳು ಬೇಕು.

ಕೆಲಸ ಹೋಗುತ್ತದೆಯೇ?

ಕೆಲವು ಕೆಲಸ ಖಂಡಿತ ಕಡಿಮೆಯಾಗುತ್ತದೆ. ಸುಳ್ಳು ಧೈರ್ಯ ಹೇಳಿ ಪ್ರಯೋಜನವಿಲ್ಲ. ವಿಶ್ವಸಂಸ್ಥೆಯ ಕಾರ್ಮಿಕ ಸಂಘಟನೆ 2025ರಲ್ಲಿ ಹೊರತಂದ ವರದಿಯ ಪ್ರಕಾರ, ಜಗತ್ತಿನ ನಾಲ್ವರು ಕೆಲಸಗಾರರಲ್ಲಿ ಒಬ್ಬರ ಕೆಲಸವನ್ನು ಎಐ ಸ್ವಲ್ಪವಾದರೂ ಮುಟ್ಟಲಿದೆ. ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಗುಮಾಸ್ತೆ ಕೆಲಸಕ್ಕೆ, ಅಂದರೆ ಟೈಪಿಂಗ್, ಡಾಟಾ ಎಂಟ್ರಿ, ಕಡತ ಬರೆಯುವ ಕೆಲಸಕ್ಕೆ. ಇಂಥ ಕೆಲಸದಲ್ಲಿ ಹೆಂಗಸರೇ ಹೆಚ್ಚಾಗಿರುವುದರಿಂದ ಗಂಡಸರಿಗಿಂತ ಹೆಂಗಸರಿಗೆ ಅಪಾಯ ಸುಮಾರು ಎರಡು ಪಟ್ಟು. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳುತ್ತದೆ: ಹೆಚ್ಚಿನ ಕೆಲಸಗಳು ಪೂರ್ತಿ ಮಾಯವಾಗುವುದಿಲ್ಲ, ಮಾಡುವ ರೀತಿ ಬದಲಾಗುತ್ತದೆ.

2025ರ ಜುಲೈನಲ್ಲಿ ಟಿಸಿಎಸ್ ಕಂಪನಿ ಸುಮಾರು 12,000 ಜನರನ್ನು ಕೆಲಸದಿಂದ ಬಿಡಿಸುವುದಾಗಿ ಹೇಳಿದ ಸುದ್ದಿ ಎಲ್ಲ ಕಡೆ ಬಂತು. ಓದಿದೋರಿಗೇ ಕೆಲಸ ಇಲ್ಲ ಎಂಬ ಮಾತಿಗೆ ಇಂಥ ಸುದ್ದಿಗಳೇ ಕಾರಣ. ಅದು ಆ ಕಂಪನಿಯ ನೂರು ಜನರಲ್ಲಿ ಇಬ್ಬರು. ಎಐಯಿಂದ ಕೆಲಸ ಉಳಿಯುತ್ತಿದೆ ಎಂಬುದು ಕಾರಣವಲ್ಲ, ಈಗ ಬೇಕಾದ ಕೌಶಲ್ಯಕ್ಕೆ ಹೊಂದದ ಕಡೆ ಕಡಿಮೆ ಮಾಡುತ್ತಿದ್ದೇವೆ ಎಂದು ಕಂಪನಿಯ ಮುಖ್ಯಸ್ಥರು ಹೇಳಿದರು. ಕಾರಣ ಏನೇ ಇರಲಿ, ಒಂದು ಸಲ ಓದಿ ಮುಗಿಸಿದೆ, ಇನ್ನು ಕಲಿಯುವುದೇನೂ ಇಲ್ಲ ಎನ್ನುವ ಕಾಲ ಹೋಯಿತು.

ಹೊಸ ಕೆಲಸಗಳೂ ಹುಟ್ಟುತ್ತಿವೆ. ಇಂಟರ್‌ನೆಟ್ಟಿನಲ್ಲಿ ಇಂಗ್ಲಿಷ್ ಬರಹ ರಾಶಿ ರಾಶಿ ಇದೆ, ಕನ್ನಡ ಅದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಕನ್ನಡದಲ್ಲಿ ಯಂತ್ರ ಹೆಚ್ಚು ತಪ್ಪುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಯಂತ್ರಕ್ಕೆ ಕನ್ನಡ ಕಲಿಸುವವರು ಬೇಕಾಗಿದ್ದಾರೆ. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆಗಾಗಿ ನಮ್ಮ ರಾಜ್ಯದ ಹಳ್ಳಿಗಳ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ಧ್ವನಿ ರೆಕಾರ್ಡ್ ಮಾಡಿಕೊಟ್ಟಿದ್ದು 2023ರಲ್ಲಿ ವಿದೇಶದ ಪತ್ರಿಕೆಯಲ್ಲೂ ಬಂತು. ಗಂಟೆಗೆ ಸುಮಾರು 5 ಡಾಲರ್, ಅಂದರೆ 400 ರೂಪಾಯಿ ಆಸುಪಾಸು ಕೂಲಿ. ಇದು ವರ್ಷವಿಡೀ ಸಿಗುವ ಕೆಲಸವಲ್ಲ, ನೆಚ್ಚಿಕೊಂಡು ಕೂರುವಂತಿಲ್ಲ. ಆದರೆ ಅವರಿಗೆ ಆ ಕೂಲಿ ತಂದುಕೊಟ್ಟದ್ದು ಏನು? ಅಮ್ಮ ಕಲಿಸಿದ ಕನ್ನಡ, ಮತ್ತು ಶಾಲೆಯಲ್ಲಿ ಕಲಿತ ಓದು.

ನಮ್ಮ ಎಷ್ಟೋ ಹೆಣ್ಣುಮಕ್ಕಳು ಬೆಳಗ್ಗೆ ಕಂಪನಿ ಬಸ್ ಹತ್ತಿ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ಬಿಡಿಭಾಗದಲ್ಲಿ ಗೀರು, ಬಿರುಕು ಇದೆಯೇ ಎಂದು ನೋಡುವ ಕೆಲಸವನ್ನು ದೊಡ್ಡ ಕಾರ್ಖಾನೆಗಳಲ್ಲಿ ಕ್ಯಾಮೆರಾಗಳು ಮಾಡತೊಡಗಿವೆ. ಬರೀ ಕಣ್ಣಿನಿಂದ ನೋಡುವವಳ ಜಾಗ ಕಡಿಮೆಯಾದೀತು. ಆ ಕ್ಯಾಮೆರಾ ಸರಿ ಇದೆಯೇ ಎಂದು ನೋಡುವ, ಅದನ್ನು ರಿಪೇರಿ ಮಾಡುವ ಜಾಗಕ್ಕೆ ಐಟಿಐ, ಡಿಪ್ಲೊಮಾ ಮಾಡಿದವಳು ಬೇಕು. ಇನ್ನು ಶ್ರೀನಿವಾಸಪುರದ ತೋಪಿನಲ್ಲಿ ಮಾವು ಇಳಿಸುವುದು, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವುದು, ರೋಗಿಯ ಆರೈಕೆ, ಮಗುವಿಗೆ ಅಕ್ಷರ ತಿದ್ದಿಸುವುದು, ಇವೆಲ್ಲ ಮೊಬೈಲಿನೊಳಗೆ ಕೂತ ಬುದ್ಧಿಯಿಂದ ಆಗುವ ಕೆಲಸವಲ್ಲ.

2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ ಅವರು ತಮ್ಮ ಹೆಸರಿಗೆ ಕೊಟ್ಟ ಕಾರಣ ಇಲ್ಲಿ ನೆನಪಾಗುತ್ತದೆ. 1891ರಲ್ಲಿ ಕಾರ್ಖಾನೆ ಯಂತ್ರಗಳ ಕಾಲದಲ್ಲಿ ಕೂಲಿಕಾರರ ಪರವಾಗಿ ಪತ್ರ ಬರೆದವರು ಹದಿಮೂರನೇ ಲಿಯೋ. ಈಗ ಎಐಯಿಂದಾಗಿ ಮನುಷ್ಯನ ಘನತೆ, ನ್ಯಾಯ ಮತ್ತು ದುಡಿಮೆಯನ್ನು ಮತ್ತೆ ಕಾಪಾಡಬೇಕಾದ ಕಾಲ ಬಂದಿದೆ, ಅದಕ್ಕೇ ಆ ಹೆಸರು ಎಂದರು.

ಮಕ್ಕಳ ಓದಿನಲ್ಲಿ

ಬೆಂಗಳೂರು ಸುತ್ತಮುತ್ತಲಿನ ಸುಮಾರು 30 ಸರ್ಕಾರಿ ಶಾಲೆಗಳಲ್ಲಿ 2023ರಿಂದ 'ಶಿಕ್ಷಾ ಕೋಪೈಲಟ್' ಎಂಬ ಎಐ ಪ್ರಯೋಗ ನಡೆಯಿತು. ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಸೇರಿ ಮಾಡಿದ್ದು. ಶಿಕ್ಷಕರು ಪಾಠ ಯೋಜನೆ ಬರೆಯಲು ಹಿಡಿಯುತ್ತಿದ್ದ ಸಮಯ ಕೆಲವೇ ನಿಮಿಷಗಳಿಗೆ ಇಳಿಯಿತು. ಆದರೂ ಯಂತ್ರ ಕೊಟ್ಟದ್ದನ್ನು ಓದಿ, ತಿದ್ದಿ, ತಮ್ಮ ಮಕ್ಕಳಿಗೆ ಹೊಂದಿಸಿಕೊಳ್ಳುವುದು ಶಿಕ್ಷಕರೇ. ಸರಿಯಾಗಿ ಬಳಸಿದರೆ ಹೀಗೆ ಉಪಯೋಗವಿದೆ.

ಮಕ್ಕಳ ಕೈಯಲ್ಲಿ ಅದೇ ಯಂತ್ರ ಬೇರೆ ಕೆಲಸ ಮಾಡುತ್ತದೆ. ಹೋಂವರ್ಕ್ ಪ್ರಶ್ನೆಯ ಫೋಟೋ ತೆಗೆದರೆ ಉತ್ತರ ಬರುತ್ತದೆ, ಮಗು ನೋಡಿ ಬರೆದು ಆಟಕ್ಕೆ ಓಡುತ್ತದೆ. ಪುಸ್ತಕ ತುಂಬುತ್ತದೆ, ತಲೆ ಖಾಲಿಯೇ ಉಳಿಯುತ್ತದೆ. "ನಮಗೆ ಓದೋಕೆ ಬರಲ್ಲ ಸಿಸ್ಟರ್, ಹೆಂಗೆ ಕಂಡುಹಿಡಿಯೋದು?" ಎಂದು ಕೇಳಬಹುದು. ಅದಕ್ಕೊಂದು ಸುಲಭ ಉಪಾಯವಿದೆ. ಅಡುಗೆ ಮಾಡುತ್ತಾ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಪುಸ್ತಕ ಮುಚ್ಚಿಟ್ಟು, ಇವತ್ತು ಏನ್ ಬರೆದೆ ನನಗೆ ಅರ್ಥ ಆಗೋ ಹಂಗೆ ಹೇಳು" ಎನ್ನಿ. ಕಲಿತಿದ್ದರೆ ಹೇಳುತ್ತದೆ, ನಕಲು ಮಾಡಿದ್ದರೆ ತಡವರಿಸುತ್ತದೆ. ಇದಕ್ಕೆ ತಾಯಿಗೆ ಅಕ್ಷರ ಬರಬೇಕಾಗಿಲ್ಲ.

ಧ್ವನಿ ನಂಬಿ ಮೋಸ ಹೋಗಬೇಡಿ

ಸಂಘದ ಪ್ರತಿನಿಧಿಗಳು ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಕೆಲವೇ ಸೆಕೆಂಡುಗಳ ಧ್ವನಿ ಸಿಕ್ಕಿದರೆ ಎಐ ಅದೇ ಧ್ವನಿಯಲ್ಲಿ ಬೇರೆ ಮಾತು ಆಡಿಸಬಲ್ಲದು. "ಅಮ್ಮಾ, ಆಕ್ಸಿಡೆಂಟ್ ಆಗಿದೆ, ಬೇಗ ದುಡ್ಡು ಹಾಕು" ಎಂದು ಮಗನ ಧ್ವನಿಯಲ್ಲೇ ಫೋನ್ ಬರಬಹುದು. ಗಾಬರಿಯಾಗದೆ ಫೋನ್ ಇಟ್ಟು, ನಿಮ್ಮಲ್ಲಿರುವ ಮಗನ ನಂಬರಿಗೆ ನೀವೇ ಮಾಡಿ. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಓಟಿಪಿಯನ್ನು ಬ್ಯಾಂಕಿನವರು ಎಂದವರಿಗೂ ಹೇಳಬೇಡಿ. ಹಣ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಹಾಗಾದರೆ ಮಗಳನ್ನು ಓದಿಸಬೇಕೇ?

ನಮ್ಮ ಹಾಲಿನ ಡೈರಿಯನ್ನೇ ನೆನಪಿಸಿಕೊಳ್ಳಿ. ಮೊದಲು ಲ್ಯಾಕ್ಟೋಮೀಟರ್ ಇಳಿಬಿಟ್ಟು ಹಾಲು ನೋಡುತ್ತಿದ್ದರು. ಆಮೇಲೆ ಯಂತ್ರ ಬಂತು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ರೂಪಾಯಿ ಎಷ್ಟು ಎಂದು ಚೀಟಿ ಕೊಡತೊಡಗಿತು. ಯಂತ್ರ ಬಂದ ಮೇಲೆ ಯಾರಿಗೆ ಲಾಭವಾಯಿತು? ಚೀಟಿ ಓದಲು ಬರುವವಳಿಗೆ. ಆಕೆ "ನಿನ್ನೆಗಿಂತ ಫ್ಯಾಟ್ ಯಾಕೆ ಕಡಿಮೆ?" ಎಂದು ಕೇಳುತ್ತಾಳೆ. ಓದಲು ಬಾರದವಳು ಕೊಟ್ಟದ್ದನ್ನು ಸೆರಗಿಗೆ ಕಟ್ಟಿಕೊಂಡು ಬರುತ್ತಾಳೆ. ಎಐ ಕೊಡುವ ಉತ್ತರವೂ ಅಂಥ ಒಂದು ಚೀಟಿಯೇ. ಅದನ್ನು ಓದಿ, ಸರಿಯೋ ತಪ್ಪೋ ಎಂದು ಕೇಳುವವರು ಇಲ್ಲದಿದ್ದರೆ ಯಂತ್ರ ಹೇಳಿದ್ದೇ ವೇದವಾಗಿಬಿಡುತ್ತದೆ.

2001ರ ಫೆಬ್ರವರಿ 28ರಂದು ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. ಅಲ್ಲಿ ಕಾರಣ ಯಂತ್ರವಲ್ಲ, ಗಣಿಯ ನಷ್ಟ. ಆದರೆ ಒಂದೇ ಕೆಲಸ ನಂಬಿದ್ದ ಊರಿಗೆ ಏನಾಗುತ್ತದೆ ಎಂದು ಈ ಜಿಲ್ಲೆಯವರಾದ ನಾವು ಕಣ್ಣಾರೆ ಕಂಡಿದ್ದೇವೆ. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಜನರಲ್ಲಿ ಆ ಗಣಿ ಮನೆಗಳ ಮಕ್ಕಳಿದ್ದಾರೆ. ಹಳೆಯ ಕೆಲಸ ಹೋದಾಗ ಹೊಸದಕ್ಕೆ ಹೋಗಲು ಕಾಲಿಗೆ ಬಲ ಕೊಡುವುದು ವಿದ್ಯೆ.

ಆದ್ದರಿಂದ ಆ ತಾಯಿಗೆ ನನ್ನ ಉತ್ತರ ಇದು: ಓದಿಸಿ ಅಮ್ಮ. ಬಿ.ಕಾಂ. ಓದಲಿ, ಆದರೆ ಟೈಪಿಂಗ್, ಲೆಕ್ಕ ತುಂಬುವುದು ಇಷ್ಟನ್ನೇ ಕಲಿತರೆ ಸಾಲದು. ಲೆಕ್ಕದಲ್ಲಿ ತಪ್ಪು ಹಿಡಿಯುವುದು, ನಾಲ್ಕು ಜನರ ಮುಂದೆ ವಿವರಿಸಿ ಹೇಳುವುದು, ಎಐ ಬಳಸಿ ಅದರ ಉತ್ತರವನ್ನು ಪರೀಕ್ಷಿಸುವುದು ಕಲಿಯಲಿ. ನರ್ಸಿಂಗ್, ಲ್ಯಾಬ್ ಕೋರ್ಸ್‌ಗಳ ಬಗ್ಗೆಯೂ ವಿಚಾರಿಸಿ, ಮಗಳ ಮನಸ್ಸು ಯಾವುದಕ್ಕಿದೆ ಎಂದು ಕೇಳಿ. ಬಸ್ ಖರ್ಚಿನ ಚಿಂತೆ ಬೇಡ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಮದುವೆ ಎರಡು ಮೂರು ವರ್ಷ ತಡವಾದರೆ ನಷ್ಟವಿಲ್ಲ. ಓದು ನಿಂತರೆ ಮತ್ತೆ ಹಿಡಿಯುವುದು ಬಹಳ ಕಷ್ಟ. ಮುಂದಿನ ಸಭೆಗೆ ಯಜಮಾನರನ್ನೂ ಕರೆದುಕೊಂಡು ಬನ್ನಿ, ಕೂತು ಮಾತಾಡೋಣ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಪಿಯುಸಿ ಆದ ಮೇಲೆ ಓದು ಬಿಟ್ಟ ಹೆಣ್ಣುಮಕ್ಕಳು ಎಷ್ಟು ಮಂದಿ? ಕಾರಣ ಏನು?

2. ಸಂಘದ ಒಳಸಾಲದಲ್ಲಿ ಹೆಣ್ಣುಮಕ್ಕಳ ಓದಿಗೆ ಮೊದಲ ಆದ್ಯತೆ ಕೊಡಲು ತೀರ್ಮಾನ ಮಾಡಬಹುದೇ?

3. ಮುಖ ಹೊಂದಲಿಲ್ಲ ಎಂದು ಅಂಗನವಾಡಿ ಆಹಾರ ತಪ್ಪಿದವರು ನಮ್ಮ ಊರಿನಲ್ಲಿ ಇದ್ದಾರೆಯೇ?

4. ಓದು ಬಲ್ಲ ಒಬ್ಬ ಮಗಳನ್ನು ಕರೆಸಿ, ನಮಗೆಲ್ಲರಿಗೂ ಉತ್ತರ ಗೊತ್ತಿರುವ ಒಂದು ಪ್ರಶ್ನೆಯನ್ನು ಮೊಬೈಲಿನ ಎಐಗೆ ಕೇಳಿಸಿ ನೋಡಿ. ಎಲ್ಲಿ ಸರಿ, ಎಲ್ಲಿ ತಪ್ಪು?

ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಬಂದಾಗ ನಾನೂ ಓದುತ್ತೇನೆ.