ಹೊಸಿಲು ದಾಟುವ ಹಾಡು

ದೀಪಾವಳಿಯ ರಾತ್ರಿಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಹೋಗುತ್ತಾರೆ. ಮನೆ ಬೇರೆಯಾಗುತ್ತದೆ, ಎಣ್ಣೆ ಎರೆಯುವ ಕೈ ಬೇರೆಯಾಗುತ್ತದೆ. ದೀಪ ಮಾತ್ರ ಆರಕೂಡದು. ಸಂಗೀತದ ಒಂದು ಪ್ರಕಾರದಿಂದ ಮತ್ತೊಂದಕ್ಕೆ ಸಲೀಸಾಗಿ ಸಂಚರಿಸುವ ತಂಡಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ನನಗೆ ತೋರುವುದಿಲ್ಲ.

ಶಾಸ್ತ್ರೀಯವೂ ಅಲ್ಲದ, ಜಾನಪದವೂ ಅಲ್ಲದ ಈ ಕಲಸುಮೇಲೋಗರ ಏತಕ್ಕೆ ಎಂದು ನಮ್ಮ ಹಿರಿಯ ರಸಿಕರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಬೆರಕೆ ನಮಗೆ ಹೊಸದೇನಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂನ ಒಡನಾಟವಿದ್ದ ಬಿ. ವಿ. ಕಾರಂತರು ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಕಾಶಿಯಲ್ಲಿ ಓಂಕಾರನಾಥ ಠಾಕೂರರಿಂದ ಹಿಂದೂಸ್ಥಾನಿ ಕಲಿತವರು. ಅವರ ರಂಗಸಂಗೀತದಲ್ಲಿ ಇವೆಲ್ಲ ಒಂದಾದುವು. ನಾಟಕದ ಅರ್ಥಕ್ಕೆ ದುಡಿದುದರಿಂದ ಅದನ್ನು ಯಾರೂ ಕಲಬೆರಕೆ ಎನ್ನಲಿಲ್ಲ.

ಹೊಸಬರಿಗೆ ನಾನು ಮೊದಲು ಹೇಳುವ ಆಲ್ಬಮ್ 1983ರ 'ಜ್ಯೋತಿ'. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಅವರೊಡನೆ ಇದನ್ನು ನುಡಿಸಿತು. ಆರ್. ಎ. ರಮಾಮಣಿಯವರ ಕಂಠ, ಟಿ. ಎ. ಎಸ್. ಮಣಿಯವರ ಮೃದಂಗ, ಇವುಗಳ ನಡುವೆ ಜಾಜ್ ಪರಂಪರೆಯ ಆ ವಾದ್ಯ ಅತಿಥಿಯಂತೆ ಬಂದು ಮನೆಯವನಂತೆ ಕುಳಿತುಕೊಳ್ಳುತ್ತದೆ. ಯಾರೂ ತಮ್ಮ ಭಾಷೆಯನ್ನು ಬಿಡುವುದಿಲ್ಲ. ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುತ್ತಾರೆ.

ಎರಡನೆಯದು ರಘು ದೀಕ್ಷಿತ್ ಅವರ 2008ರ 'ಅಂತರಾಗ್ನಿ'. ಗಿಟಾರು, ಪಿಟೀಲು, ಡ್ರಮ್ಮುಗಳ ನಡುವೆ ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಇಲ್ಲಿ ಸುಳಿಯುತ್ತವೆ. ಇದರ ಜೀವ ಇರುವುದು ಶಿಶುನಾಳ ಶರೀಫರ (1819–1889) ತತ್ತ್ವಪದಗಳಲ್ಲಿ. ಸೋರುವ ಮನೆಯ ಮಾಳಿಗೆಯ ರೂಪಕವನ್ನು ಆಷಾಢದ ಮಳೆಯಲ್ಲಿ ಹಂಚು ಸೋರುವುದನ್ನು ಕಂಡ ಮಲೆನಾಡಿಗನಿಗೆ ಯಾರೂ ವಿವರಿಸಬೇಕಾಗಿಲ್ಲ. ಕೆಲವೆಡೆ ತಾಳದ ಉತ್ಸಾಹ ಪದದ ಚಿಂತನೆಗಿಂತ ಮುಂದೋಡುತ್ತದೆಂದು ನನಗೆ ಅನ್ನಿಸಿದೆ. ಅಲ್ಲಿ ದೀಪ ತುಸು ಹೊಯ್ದಾಡುತ್ತದೆ, ಆದರೆ ಆರುವುದಿಲ್ಲ.

ಮೂರನೆಯದು 'ಸ್ವರಾತ್ಮ' ತಂಡದ 2009ರ ಮೊದಲ ಆಲ್ಬಮ್. ಜಾನಪದ ಮತ್ತು ರಾಕ್ ಎರಡನ್ನೂ ಬಲ್ಲ ಈ ತಂಡ ಕಾವೇರಿಯ ಜಗಳವನ್ನು ನದಿಯ ಬಾಯಿಂದಲೇ ಹೇಳಿಸಿತು. ಶರಾವತಿ, ವಾರಾಹಿಗಳಿಗೆ ಕಟ್ಟಿದ ಅಣೆಕಟ್ಟುಗಳಲ್ಲಿ ಊರು-ತೋಟಗಳು ಮುಳುಗಿದುದನ್ನು ಬಲ್ಲ ನಮಗೆ ಆ ಹಾಡು ಪರಕೀಯವೆನಿಸದು.

ಕೇಳುವ ಕ್ರಮದ ಬಗೆಗೊಂದು ಮಾತು. ಇಂದಿನ ಮೊಬೈಲು ನಮಗೆ ಬಿಡಿ ಹಾಡುಗಳನ್ನು ತುತ್ತು ತುತ್ತಾಗಿ ಉಣಿಸುತ್ತದೆ. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಮುಂದಿಡುತ್ತದೆ. ಹೀಗೆ ಕೇಳಿದವನಿಗೆ ತಂಡದ ಜಿಗಿತ ಕಾಣುತ್ತದೆಯೇ ಹೊರತು ನಡಿಗೆ ಕಾಣುವುದಿಲ್ಲ. ಆಲ್ಬಮ್ಮನ್ನು ಮೊದಲಿನಿಂದ ಕಡೆಯವರೆಗೆ, ಕಲಾವಿದರು ಜೋಡಿಸಿದ ಅನುಕ್ರಮದಲ್ಲೇ, ಎರಡು ಸಲ ಕೇಳಬೇಕು. ಆಗ ಮಾತ್ರ ಒಂದು ಪ್ರಕಾರವನ್ನು ಬಿಟ್ಟು ಮತ್ತೊಂದನ್ನು ಹಿಡಿದುದು ಚಪಲದಿಂದಲೋ ಅವಶ್ಯಕತೆಯಿಂದಲೋ ತಿಳಿದೀತು.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಅರಿಕೆ. ಶರೀಫರ ಪದವೊಂದನ್ನು ತರಗತಿಯಲ್ಲಿ ಮೊದಲು ಓದಿಸಿರಿ, ಬಳಿಕ ಸಿ. ಅಶ್ವತ್ಥರ ಸುಗಮ ಸಂಗೀತದಲ್ಲಿ, ಅನಂತರ ಈ ಹೊಸ ತಂಡದಲ್ಲಿ ಕೇಳಿಸಿರಿ. ಯಾವುದು ಮೇಲೆಂದು ತೀರ್ಪು ಕೊಡಬೇಡಿರಿ. ಯಾವ ಪದ ಎಲ್ಲಿ ಹೆಚ್ಚು ಸ್ಪಷ್ಟವಾಗಿ ಕೇಳಿಸಿತೆಂದಷ್ಟೇ ವಿದ್ಯಾರ್ಥಿಗಳನ್ನು ಕೇಳಿರಿ. ಗಿಟಾರಿನ ದನಿಗೆ ಸೋತು ಬಂದ ಹುಡುಗನೊಬ್ಬ ಶರೀಫರ ಪುಸ್ತಕವನ್ನು ಗ್ರಂಥಾಲಯದಲ್ಲಿ ಹುಡುಕಿದರೆ, ಆ ತಂಡದ ಅಲೆದಾಟ ಸಾರ್ಥಕವಾದಂತೆಯೇ.