ಕ್ಯಾಲೆಂಡರಿನಲ್ಲಿ ನಿಂತುಹೋದ ತೂಕ

ಅಕ್ಕನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ಬರೆದ ಇನ್ನೊಂದು ಲೆಕ್ಕವಿತ್ತು. 82.4. ಮರುದಿನ 82.6. ಅದರ ಮರುದಿನ ಮತ್ತೆ 82.4. ಹಾಳೆ ಹಿಂದಕ್ಕೆ ತಿರುವಿದರೆ ಅಲ್ಲೂ ಅದೇ. ಹೊಟ್ಟೆಯ ಆಪರೇಷನ್ ಆದ ದಿನ 104 ಕಿಲೋ ಇದ್ದವಳು ಐದು ತಿಂಗಳಲ್ಲಿ ಅಲ್ಲಿಗೆ ಇಳಿದಿದ್ದಳು, ಇಳಿದವಳು ಒಂಬತ್ತು ವಾರ ಅಲ್ಲೇ ನಿಂತುಬಿಟ್ಟಿದ್ದಳು.

"ದಿನಕ್ಕೆ ಎರಡು ಹಿಡಿ ಉಣ್ಣೋದು ನಾನು. ಇನ್ನೇನ್ ಬಿಡ್ಲಿ ಹೇಳೇ?" ಅಂದಳು.

ನನಗೂ ಉತ್ತರ ಗೊತ್ತಿರಲಿಲ್ಲ. ಮಂಡ್ಯ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವ ಅಕ್ಕನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಕೊನೆಯ ನಾಲ್ಕು ವರ್ಷ ಬೆಳಿಗ್ಗೆ, ರಾತ್ರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಪ್ರತಿ ಸಲ ಇನ್ಸುಲಿನ್ ಏರಿಸಿದಾಗಲೂ ತೂಕ ಏರುತ್ತಿತ್ತು, ತೂಕ ಏರಿದಾಗಲೆಲ್ಲ ಇನ್ಸುಲಿನ್ ಏರಿಸಬೇಕಾಗುತ್ತಿತ್ತು. ಈ ಗಾಣದಿಂದ ಬಿಡಿಸಿಕೊಳ್ಳಲು ಆಪರೇಷನ್ ಮಾಡಿಸಿಕೊಂಡಳು. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದು, ಉಳಿದದ್ದನ್ನು ಬಾಳೆಕಾಯಿಯಂತೆ ಸಪೂರ ಮಾಡುವ 'ಸ್ಲೀವ್' ಶಸ್ತ್ರಚಿಕಿತ್ಸೆ ಅದು.

ಇಂಥ ಆಪರೇಷನ್‌ಗೆ ಆರು ದಶಕದ ಇತಿಹಾಸವಿದೆ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ 1966ರಲ್ಲಿ, ಜಠರದ ಬಹುಭಾಗವನ್ನು ಬಿಟ್ಟು ಆಹಾರವನ್ನು ನೇರ ಕರುಳಿಗೆ ಇಳಿಸುವ ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದಾಗ ಕಣ್ಣಿದ್ದದ್ದು ತೂಕದ ಮೇಲೆ ಮಾತ್ರ. ಸಕ್ಕರೆ ಕಾಯಿಲೆಯೂ ಇದರಿಂದ ಹಿಂದೆ ಸರಿಯುತ್ತದೆ ಎಂಬುದನ್ನು ಜಗತ್ತಿನ ಮುಂದೆ ಗಟ್ಟಿಯಾಗಿ ಇಟ್ಟವರು ನಾರ್ತ್ ಕ್ಯಾರೊಲಿನಾದ ವಾಲ್ಟರ್ ಪೋರೀಸ್. 1995ರಲ್ಲಿ ಬಂದ ಅವರ ಪ್ರಬಂಧದ ಶೀರ್ಷಿಕೆಯಲ್ಲೇ ಅಚ್ಚರಿಯಿತ್ತು. ತೂಕ ಇಳಿಯುವುದಕ್ಕೂ ಮೊದಲೇ, ಆಪರೇಷನ್ ಆದ ಕೆಲವೇ ದಿನಗಳಲ್ಲಿ ಎಷ್ಟೋ ಜನರ ಶುಗರ್ ಕೆಳಗೆ ಬರುತ್ತಿತ್ತು. ಊಟ ಕಡಿಮೆಯಾದದ್ದು ಒಂದು ಕಾರಣ. ಕರುಳಿಗೆ ಆಹಾರ ತಲುಪುವ ರೀತಿ ಬದಲಾಗಿ, ಇನ್ಸುಲಿನ್ ಹೊರಡಿಸುವ ಹಾರ್ಮೋನುಗಳು ಹೆಚ್ಚಾದದ್ದು ಇನ್ನೊಂದು. ಸ್ಲೀವ್‌ನಲ್ಲಿ ಹಸಿವಿನ ಹಾರ್ಮೋನು ತಯಾರಾಗುವ ಭಾಗವೇ ಬಹುಪಾಲು ಹೋಗಿಬಿಡುತ್ತದೆ.

ತೂಕ ಮತ್ತು ಶುಗರ್ ಒಂದೇ ಹೆಜ್ಜೆಯಲ್ಲಿ ನಡೆಯುವುದಿಲ್ಲ ಎಂಬ ಈ ಸಂಗತಿಯನ್ನು ರೋಗಿಯ ಮನೆಯವರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ನಮಗಂತೂ ಹೇಳಿರಲಿಲ್ಲ.

ಅಕ್ಕನ ತೂಕ ಮೊದಲ ಸಲ ನಿಂತದ್ದು ಮೂರನೇ ವಾರದಲ್ಲಿ. ಅದು ಬಹುತೇಕ ಎಲ್ಲರಿಗೂ ಆಗುತ್ತದೆ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು ಅರ್ಧ ಕಿಲೋ ಸಕ್ಕರೆ ಕೂಡಿಟ್ಟಿರುತ್ತದೆ. ಅದರ ಒಂದೊಂದು ಗ್ರಾಮೂ ತನ್ನ ಜೊತೆ ಮೂರು ಗ್ರಾಮಿನಷ್ಟು ನೀರು ಹಿಡಿದುಕೊಂಡಿರುತ್ತದೆ. ಬರೀ ನೀರು, ತಿಳಿಸಾರಿನ ಮೇಲಿರುವ ಮೊದಲ ವಾರಗಳಲ್ಲಿ ಆ ದಾಸ್ತಾನು ಕರಗಿ ನೀರೂ ಹರಿದುಹೋಗುತ್ತದೆ, ಮಷೀನಿನ ಮುಳ್ಳು ದಡದಡನೆ ಇಳಿಯುತ್ತದೆ. ಗಂಜಿ, ಮೆದು ಅನ್ನ ಶುರುವಾದಾಗ ದೇಹ ಒಂದಿಷ್ಟನ್ನು ಮತ್ತೆ ತುಂಬಿಕೊಳ್ಳುತ್ತದೆ, ನೀರಿನ ಸಮೇತ. ಒಳಗೆ ಕೊಬ್ಬು ಕರಗುತ್ತಲೇ ಇದ್ದರೂ ಹೊರಗೆ ಅಂಕಿ ಅಲ್ಲಾಡುವುದಿಲ್ಲ. ಅಕ್ಕನದು ಹನ್ನೆರಡು ದಿನ ನಿಂತಿತ್ತು, ತಾನೇ ಹೊರಟಿತು.

ನೀರು ಹೀಗೆ ಕೊಬ್ಬಿನ ಇಳಿತವನ್ನು ಮರೆಮಾಡುವುದನ್ನು ಎರಡನೇ ಮಹಾಯುದ್ಧದ ಕೊನೆಯ ದಿನಗಳಲ್ಲೇ ಕಂಡವರಿದ್ದಾರೆ. ಯುದ್ಧಕ್ಕೆ ಹೋಗಲೊಪ್ಪದ 36 ಯುವಕರು 1944–45ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯ ಪ್ರಯೋಗಕ್ಕೆ ತಾವಾಗಿ ಒಪ್ಪಿಕೊಂಡು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರ ತೂಕ ಮೊದಲು ಬೇಗ ಬೇಗ ಇಳಿಯಿತು, ಬರಬರುತ್ತ ನಿಧಾನವಾಯಿತು. ಕಾಲು ಊದಿಕೊಂಡಿತು. ದೇಹ ತನ್ನ ಖರ್ಚನ್ನೇ ಕಡಿಮೆ ಮಾಡಿಕೊಂಡಿತ್ತು, ಬರಗಾಲ ಬಂತೆಂದು ಬಗೆದು ಒಂದೊಂದು ಕಾಳನ್ನೂ ಎಣಿಸಿ ಖರ್ಚು ಮಾಡುವ ಮನೆಯೊಡತಿಯ ಹಾಗೆ. ಆಪರೇಷನ್ ಆದವರ ದೇಹಕ್ಕೂ ಗೊತ್ತಿರುವುದು ಇದೇ ಲೆಕ್ಕ. 104 ಕಿಲೋದ ಮೈಯನ್ನು ಹೊತ್ತು ನಡೆಯಲು ಬೇಕಾದಷ್ಟು ಶಕ್ತಿ 82 ಕಿಲೋದ ಮೈಗೆ ಬೇಕಿಲ್ಲ.

ಸಕ್ಕರೆ ಕಾಯಿಲೆಯವರಿಗೆ ಇದರ ಮೇಲೆ ಇನ್ನೊಂದು ಸಂಗತಿ ಇದೆ. ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡ ಅದನ್ನು ತಡೆಹಿಡಿಯಲಾರದೆ ಹೊರಗೆ ಬಿಡುತ್ತದೆ. ಹಿಂದಿನವರು ಇದನ್ನು ಸಿಹಿಮೂತ್ರ ರೋಗ ಎಂದು ಕರೆದದ್ದು ಸುಮ್ಮನೆ ಅಲ್ಲ. ಉಂಡದ್ದರಲ್ಲಿ ಒಂದು ಪಾಲು ಹಾಗೆ ಸೋರಿಹೋಗುತ್ತಿರುತ್ತದೆ. ಶುಗರ್ ಹತೋಟಿಗೆ ಬಂದೊಡನೆ ಸೋರಿಕೆ ನಿಲ್ಲುತ್ತದೆ, ಉಂಡದ್ದೆಲ್ಲ ಮೈಗೆ ಸೇರುತ್ತದೆ. ಅಂದರೆ ತೂಕದ ಇಳಿತ ನಿಧಾನವಾದದ್ದು ಕೆಲವೊಮ್ಮೆ ಕಾಯಿಲೆ ಹದಕ್ಕೆ ಬಂದದ್ದರ ಗುರುತು. ಇದನ್ನು ಓದಿಕೊಂಡ ದಿನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನಾನು ಕೆಟ್ಟೋಗಿಲ್ಲ ಅಂತೀಯ?" ಎಂದಳು.

ಆದರೆ ಒಂಬತ್ತು ವಾರಕ್ಕೆ ಇವಷ್ಟೇ ಕಾರಣವಾಗಿರಲಿಲ್ಲ. ನಿಜವಾದ ಕಾರಣ ಅದೇ ಕ್ಯಾಲೆಂಡರಿನಲ್ಲಿ, ತೂಕದ ಅಂಕಿಯ ಕೆಳಗೇ ಇತ್ತು. ವಾರಕ್ಕೆ ಮೂರು ನಾಲ್ಕು ಕಡೆ ಸಣ್ಣಕ್ಷರದಲ್ಲಿ ಬರೆದಿದ್ದಳು: 'ಕೈ ನಡುಕ, 4 ಬಿಸ್ಕತ್ತು', 'ಬೆವರು, ಸಕ್ಕರೆ ನೀರು', 'ರಾತ್ರಿ 2ಕ್ಕೆ ಎಚ್ಚರ, ಬಾಳೆಹಣ್ಣು'. ಹಗಲು ಹನ್ನೊಂದರ ಹೊತ್ತಿಗೆ ತರಗತಿಯಲ್ಲಿ ಕಣ್ಣು ಮಂಜಾಗಿ, ಮಕ್ಕಳಿಂದ ನೀರು ತರಿಸಿಕೊಂಡು ಕೂತ ದಿನಗಳೂ ಇದ್ದವಂತೆ. ಶುಗರ್ ಕೆಳಗೆ ಇಳಿಯುತ್ತಿತ್ತು. ಇಳಿದಾಗ ಏನಾದರೂ ಸಿಹಿ ತಿನ್ನಲೇಬೇಕು, ತಿನ್ನದಿದ್ದರೆ ಜೀವಕ್ಕೆ ಅಪಾಯ. ದಿನಕ್ಕೆ 900 ಕ್ಯಾಲೊರಿಯ ಊಟ ಮಾಡುವವರಿಗೆ ಹೀಗೆ ಜೀವ ಉಳಿಸಿಕೊಳ್ಳಲು ತಿಂದ 200 ಕ್ಯಾಲೊರಿಯೂ ದೊಡ್ಡದೇ.

ಆಪರೇಷನ್ ಆಗಿ ಮನೆಗೆ ಬರುವಾಗ ಇನ್ಸುಲಿನ್ನನ್ನು ಅರ್ಧಕ್ಕೆ ಇಳಿಸಿದ್ದರು. ಬೆಳಗಿನ ಗ್ಲಿಮೆಪಿರೈಡ್ ಮಾತ್ರೆ ಹಾಗೇ ಉಳಿದಿತ್ತು. ಅದಾದ ಮೇಲೆ ಮೈ 20 ಕಿಲೋದಷ್ಟು ಇಳಿದರೂ ಚೀಟಿ ಬದಲಾಗಲಿಲ್ಲ. ಆಪರೇಷನ್ ಮಾಡಿದವರು ಹೊಲಿಗೆ ನೋಡಿ, ತೂಕ ನೋಡಿ ಚೆನ್ನಾಗಿದೆ ಎಂದರು. ಊರಿನ ಡಾಕ್ಟರು ದೊಡ್ಡ ಆಸ್ಪತ್ರೆಯ ಚೀಟಿಗೆ ಕೈ ಹಾಕಬಾರದೆಂದು ಬಿಟ್ಟರು. ಮೆಡಿಕಲ್ ಶಾಪಿನವರು ಅದೇ ಚೀಟಿಗೆ ತಿಂಗಳು ತಿಂಗಳೂ ಔಷಧ ಕೊಟ್ಟರು. ಯಾರಲ್ಲೂ ಕೆಟ್ಟ ಮನಸ್ಸಿರಲಿಲ್ಲ. ಒಬ್ಬರ ಕೆಲಸ ಮುಗಿದ ಕಡೆ ಇನ್ನೊಬ್ಬರದು ಶುರುವಾಗಬೇಕಿತ್ತು, ಆಗಲಿಲ್ಲ. ಆ ಸಂದಿನಲ್ಲಿ ನನ್ನ ಅಕ್ಕ ನಾಲ್ಕು ತಿಂಗಳು ನಡುಗಿದಳು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ಸುಲಿನ್ ಜೀವ ಉಳಿಸುವ ಔಷಧ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿರುವಷ್ಟು ಹೊತ್ತು ಕೊಬ್ಬು ಸುಲಭವಾಗಿ ಕರಗುವುದಿಲ್ಲ, ರಾಗಿ ತುಂಬಿದ ಹಗೇವಿನ ಬಾಯಿಗೆ ಚಪ್ಪಡಿ ಮುಚ್ಚಿಟ್ಟ ಹಾಗೆ. ಅದು ಮೈಯಲ್ಲಿ ಉಪ್ಪು, ನೀರನ್ನೂ ನಿಲ್ಲಿಸಿಕೊಳ್ಳುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತವೆ, ಪಯೋಗ್ಲಿಟಾಜೋನ್ ಬೇರೆ ದಾರಿಯಲ್ಲಿ ತೂಕ ಏರಿಸುತ್ತದೆ. ಮೆಟ್‌ಫಾರ್ಮಿನ್‌ಗೆ ಆ ದೋಷವಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆಯವರ ತೂಕ ನಿಂತಾಗ ತಟ್ಟೆಗಿಂತ ಮೊದಲು ಔಷಧದ ಡಬ್ಬಿ ನೋಡಬೇಕು. ಬಿ.ಪಿ.ಗೆ ಕೊಡುವ ಅಟೆನೊಲಾಲ್‌ನಂಥ ಮಾತ್ರೆ, ಸ್ಟೀರಾಯ್ಡ್, ಖಿನ್ನತೆಯ ಕೆಲವು ಮಾತ್ರೆಗಳೂ ಆ ಡಬ್ಬಿಯಲ್ಲಿ ಇರಬಹುದು.

ನೋಡಬೇಕು ಎಂದರೆ ಡಾಕ್ಟರ ಜೊತೆ ಕೂತು ನೋಡಬೇಕು. ತಾನೇ ಇನ್ಸುಲಿನ್ ನಿಲ್ಲಿಸಿಬಿಡುವುದು ನಡುಕಕ್ಕಿಂತ ದೊಡ್ಡ ಅಪಾಯ. ಹಲವು ವರ್ಷದ ಕಾಯಿಲೆಯಲ್ಲಿ ಸ್ವಂತ ಇನ್ಸುಲಿನ್ ತಯಾರಿಕೆ ಬತ್ತಿಹೋಗಿರುವವರಿದ್ದಾರೆ. ಎಷ್ಟು ಉಳಿದಿದೆ ಎಂದು ತಿಳಿಯಲು ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆ ಇದೆ. ಅಕ್ಕನಿಗೆ ಅದನ್ನು ಮಾಡಿಸಿದ ಮೈಸೂರಿನ ಮಧುಮೇಹ ತಜ್ಞೆಯೊಬ್ಬರು ಕ್ಯಾಲೆಂಡರಿನ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಅರ್ಧ ಗಂಟೆ ಓದಿದರು. ಗ್ಲಿಮೆಪಿರೈಡ್ ಅವತ್ತೇ ನಿಂತಿತು. ಇನ್ಸುಲಿನ್ ಮೂರು ವಾರದಲ್ಲಿ ಹಂತ ಹಂತವಾಗಿ ಇಳಿದು, ಕೊನೆಗೆ ಪೂರ್ತಿ ನಿಂತಿತು. ಮೆಟ್‌ಫಾರ್ಮಿನ್ ಉಳಿಯಿತು.

ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಅಂಕಿಯನ್ನೂ ಅವರು ಕಣ್ಣುಮುಚ್ಚಿ ನಂಬಲಿಲ್ಲ. ಆಪರೇಷನ್ ಆದವರಲ್ಲಿ ಕಬ್ಬಿಣದ ಕೊರತೆ ಸಾಮಾನ್ಯ, ಕಬ್ಬಿಣ ಕಡಿಮೆಯಾದರೆ ಆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹೆಚ್ಚು ತೋರಿಸಿದರೆ ಔಷಧ ಏರಿಸುತ್ತಾರೆ, ಮತ್ತೆ ನಡುಕ. ಅಕ್ಕನ ಹಿಮೋಗ್ಲೋಬಿನ್ 9.8 ಇತ್ತು. ಕಬ್ಬಿಣ, ಬಿ12, ಕ್ಯಾಲ್ಸಿಯಂ ಮಾತ್ರೆಗಳನ್ನು "ಅವೆಲ್ಲ ಶಕ್ತಿ ಮಾತ್ರೆ ತಾನೆ" ಎಂದು ಎರಡು ತಿಂಗಳಿಂದ ಬಿಟ್ಟಿದ್ದಳು. ಅವನ್ನು ಜೀವನಪೂರ್ತಿ ಬಿಡುವಂತಿಲ್ಲ.

ಇನ್ನು ಊಟ. ನಮ್ಮ ಕಡೆ ಮುದ್ದೆಯನ್ನು ನುಂಗಬೇಕು, ಹಲ್ಲಿಗೆ ತಾಗಿಸಬಾರದು. ಹಾಗೆ ಕಲಿತ ಗಂಟಲು ಅಕ್ಕನದು. ಆಪರೇಷನ್ ಆದ ಮೇಲೆ ಹಾಗೆ ನುಂಗಿದ ಮೊದಲ ತುತ್ತೇ ಎದೆಯಲ್ಲಿ ಸಿಕ್ಕಿಕೊಂಡು, ವಾಂತಿಯಾಗಿ, ಅವಳು ಮುದ್ದೆಯನ್ನೇ ಬಿಟ್ಟಳು. ಮೊಟ್ಟೆ, ಕೋಳಿಯೂ ಹಿಡಿಯುತ್ತಿರಲಿಲ್ಲ. ಹಿಡಿಯುತ್ತಿದ್ದದ್ದು ಟೀಯಲ್ಲಿ ಅದ್ದಿದ ಬಿಸ್ಕತ್ತು, ಕಡ್ಲೆಪುರಿ, ಬಾಯಲ್ಲಿ ಕರಗುವ ಚಕ್ಕುಲಿ, ತೆಳು ಅನ್ನ. ಸಣ್ಣ ಜಠರದಿಂದ ಇವು ಸಲೀಸಾಗಿ ಜಾರಿಹೋಗುತ್ತವೆ. ಹೊಟ್ಟೆ ತುಂಬಿಸುವುದಿಲ್ಲ, ಶುಗರ್ ಏರಿಸುತ್ತವೆ, ಒಂದು ಗಂಟೆಗೆ ಮತ್ತೆ ಬೇಕೆನಿಸುತ್ತವೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಒಂದು ಸಣ್ಣ ಬಟ್ಟಲು ಬೆಂದ ಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಸೋಮವಾರ, ಶನಿವಾರ ಮಾಂಸ ಮುಟ್ಟದ ಮನೆಯಲ್ಲಿ, ಒಂದು ಸಲಕ್ಕೆ ಅರ್ಧ ಬಟ್ಟಲು ಹಿಡಿಯುವ ಹೊಟ್ಟೆಯಲ್ಲಿ 60 ಗ್ರಾಂ ಸೇರಿಸುವುದು ಹೆಂಗಸರಿಗೆ ಎಷ್ಟು ಕಷ್ಟ ಎಂದು ಡಯಟ್ ಚಾರ್ಟ್ ಬರೆಯುವವರು ಒಮ್ಮೆ ಅಡುಗೆಮನೆಯಲ್ಲಿ ನಿಂತು ನೋಡಬೇಕು. ಗಂಡ, ಮಕ್ಕಳಿಗೆ ಬಡಿಸಿ ಉಳಿದದ್ದನ್ನು ಉಣ್ಣುವ ಅಭ್ಯಾಸ ಆಪರೇಷನ್ ಟೇಬಲ್ ಮೇಲೆ ಹೋಗುವುದಿಲ್ಲ.

ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳೇ, ಅವು ಹೋದರೆ ಸಕ್ಕರೆ ಹೋಗುವುದೆಲ್ಲಿಗೆ? ಅಕ್ಕ ಈಗ ಬೆಳಿಗ್ಗೆ ಮೊಳಕೆ ಹುರುಳಿ, ಗಟ್ಟಿ ಮೊಸರು ಮೊದಲು ತಿನ್ನುತ್ತಾಳೆ, ಅನ್ನ ಕೊನೆಗೆ. ಊಟದ ಜೊತೆ ನೀರು ಕುಡಿಯುವುದಿಲ್ಲ. ಸಂಜೆ ವಾಕಿಂಗ್ ಅಲ್ಲದೆ ನೀರು ತುಂಬಿದ ಎರಡು ಬಾಟಲಿ ಎತ್ತಿ ಇಳಿಸುತ್ತಾಳೆ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುತ್ತಾಳೆ.

ಬೀದಿಯ ಮಾತು ಬೇರೆ ಇತ್ತು. "ಅಷ್ಟೊಂದ್ ದುಡ್ಡು ಸುರ್ದು ಇಷ್ಟೇನಾ ಇಳ್ದಿರೋದು?" ಎಂದು ಮದುವೆ ಮನೆಯಲ್ಲಿ ಕೇಳಿದವರಿದ್ದಾರೆ. ಅದೇ ಬಾಯಿ "ಒಂದೇ ಒಂದು ಹೋಳಿಗೆ" ಎಂದು ಎಲೆಗೆ ಹಾಕುತ್ತಿತ್ತು. ತೂಕ ನಿಂತವರು ಕದ್ದು ತಿನ್ನುತ್ತಿರುತ್ತಾರೆ ಎಂಬುದು ಎಲ್ಲರ ಮನಸ್ಸಿನಲ್ಲಿ ಇರುವ ಅನುಮಾನ. ಕೊನೆಗೆ ರೋಗಿಯೇ ಅದನ್ನು ನಂಬಿಬಿಡುತ್ತಾಳೆ. ಅಕ್ಕ ನಾಚಿಕೆಗೆ ನಡುಕದ ವಿಷಯವನ್ನೇ ಮುಚ್ಚಿಟ್ಟಿದ್ದಳು: ಬಿಸ್ಕತ್ತು ತಿಂದದ್ದು ಗೊತ್ತಾದರೆ ಬೈಯುತ್ತಾರೆ ಎಂದು.

ಮುಳ್ಳಿನ ಮೇಲಷ್ಟೇ ಕಣ್ಣಿಡುವುದು ನಮ್ಮ ಜನಕ್ಕೆ ಹೊಂದುವ ಅಳತೆಯೂ ಅಲ್ಲ. ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಅವರ ಗೆಳೆಯ ಜಾನ್ ಯುಡ್ಕಿನ್ ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ 22.3. ಕೊಬ್ಬಿನ ಪ್ರಮಾಣ ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. 2004ರಲ್ಲಿ ಇಬ್ಬರ ಚಿತ್ರವನ್ನೂ ಪಕ್ಕಪಕ್ಕ ಇಟ್ಟು 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿತ್ತು. ಭಾರತೀಯರ ಕೊಬ್ಬು ಹೊಟ್ಟೆಯೊಳಗೆ, ಅಂಗಾಂಗಗಳ ಸುತ್ತ ಕೂರುವುದು ಹೆಚ್ಚು, ಸಕ್ಕರೆ ಕಾಯಿಲೆಯ ಬೇರೂ ಅಲ್ಲೇ. ಆ ಕೊಬ್ಬು ಕರಗಿದ್ದನ್ನು ಮಷೀನಿಗಿಂತ ಸೊಂಟದ ಟೇಪು ಬೇಗ ಹೇಳುತ್ತದೆ.

ಕಾಯಿಲೆ ಶಾಶ್ವತವಾಗಿ ಹೋಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಸ್ವೀಡನ್ನಿನಲ್ಲಿ 1987ರಿಂದ ಸಾವಿರಾರು ಜನರನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ಆದ ಮಧುಮೇಹಿಗಳಲ್ಲಿ ಎರಡು ವರ್ಷಕ್ಕೆ ಶೇ 72ರಷ್ಟು ಜನರ ಕಾಯಿಲೆ ಹಿಂದೆ ಸರಿದಿತ್ತು. ಹದಿನೈದು ವರ್ಷಕ್ಕೆ ಹಾಗೆ ಉಳಿದವರು ಶೇ 30. ತೂಕ ಮತ್ತೆ ಏರತೊಡಗಿದರೆ ಈಗ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳಿವೆ. ಕರುಳಿನ ಹಾರ್ಮೋನನ್ನೇ ಅನುಕರಿಸುವ ಔಷಧಗಳವು. ಬೇಕೋ ಬೇಡವೋ ಎಂಬುದು ಡಾಕ್ಟರ ಜೊತೆ ಆಗಬೇಕಾದ ಮಾತು.

ಹೋದ ಭಾನುವಾರ ಹೋಗಿದ್ದೆ. ಇನ್ಸುಲಿನ್ ನಿಂತ ಮೇಲೆ ಅಕ್ಕನ ತೂಕ 77.8ಕ್ಕೆ ಬಂದು, ಮೂರು ವಾರದಿಂದ ಅಲ್ಲೇ ಇದೆ. ಕ್ಯಾಲೆಂಡರಿನಲ್ಲಿ ಈಗ ತೂಕ ವಾರಕ್ಕೊಮ್ಮೆ ಮಾತ್ರ. ಅದರ ಕೆಳಗೆ ಸೊಂಟದ ಸುತ್ತಳತೆ, ಬೆಳಗಿನ ಶುಗರ್. ನಡುಕದ ಸಾಲು ಆ ಹಾಳೆಯಲ್ಲಿ ಒಂದೂ ಇರಲಿಲ್ಲ. ಮಧ್ಯಾಹ್ನ ನಮಗೆಲ್ಲ ಮುದ್ದೆ, ಸೊಪ್ಪಿನ ಉಪ್ಸಾರು ಬಡಿಸಿ ತಾನೂ ಜೊತೆಗೇ ಕೂತಳು. ತಟ್ಟೆಯಲ್ಲಿ ಎರಡು ಮೊಟ್ಟೆ, ಪಕ್ಕದಲ್ಲಿ ನೆಲ್ಲಿಕಾಯಿ ಗಾತ್ರದ ಮುದ್ದೆ. ಅದನ್ನು ಸಾರಿಗೆ ಅದ್ದಿ ಬಾಯಿಗಿಟ್ಟು ನಿಧಾನಕ್ಕೆ ಅಗಿಯತೊಡಗಿದಳು. ಊಟ ಮುಗಿಸಿ ಕೈ ತೊಳೆದು, ಬೀರುವಿನಿಂದ ಆರು ರವಿಕೆ ತಂದು ನನ್ನ ಮಡಿಲಿಗೆ ಹಾಕಿದಳು. "ನಿಮ್ಮೂರ್ ಟೈಲರ್ ಹತ್ರ ಹಿಡಿಸ್ಕೊಂಡ್ ಬಾರೇ. ಎರಡೆರಡು ಇಂಚು."